ಪ್ಲಗ್ ಕಿತ್ತ ಮೇಲಿನ ಕೆಲಸ

ಎಲ್ಲರಿಗೂ ನಮಸ್ಕಾರ. ಐಟಿಐ ಮುಗಿಸಿ ಮೈಕ್ರೋವೇವ್ ಓವನ್ ಸರ್ವಿಸ್ ಲೈನಿಗೆ ಬರ್ತಿದ್ದೀರಿ, ಕೈಯಲ್ಲಿ ಹೊಸ ಮಲ್ಟಿಮೀಟರ್ ಇದೆ. ಅದನ್ನ ಎಲ್ಲಿ ಹಚ್ಚಬೇಕು ಅಂತ ಹೇಳೋಕೆ ಬೇರೆಯವರಿದ್ದಾರೆ. ಎಲ್ಲಿ ಹಚ್ಚಬಾರದು ಅನ್ನೋದು ನನ್ನ ಪಾಲಿನ ಮಾತು. ಮೈಕ್ರೋವೇವ್ ಓಡ್ತಿರುವಾಗ, ಬಿಸಿ ಮಾಡೋ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನ್ ಹತ್ತಿರ ಸುಮಾರು 4000 ವೋಲ್ಟ್ ಇರುತ್ತೆ. ನಿಮ್ಮ ಮೀಟರ್ ತಡೆಯೋದು ಹೆಚ್ಚೆಂದರೆ 1000. ಅಲ್ಲಿ ಅಳೆಯೋ ಅಗತ್ಯವೂ ಇಲ್ಲ.

ಒಂದು ಬೇಕರಿಯಿಂದ ಫೋನ್ ಬಂತು ಅನ್ನಿ. “ಬಿಸಿ ಆಗುತ್ತೆ ಸಾರ್, ಆದ್ರೆ ಮೊದಲಿನ ಹಾಗಲ್ಲ.” ಕವರ್ ಬಿಚ್ಚೋಕೆ ಮೊದಲು ಸಾಕೆಟ್ ನೋಡಿ. ಮೂರನೇ ಪಿನ್ ಮುರಿದು ಎಕ್ಸ್‌ಟೆನ್ಷನ್‌ಗೆ ತುರುಕಿರೋದು ಅಪರೂಪವೇನಲ್ಲ. ಈ ಮೆಷಿನ್‌ನಲ್ಲಿ ಹೈ ವೋಲ್ಟೇಜ್ ವಾಪಸ್ ಹೋಗೋದೇ ಓವನ್ನಿನ ಲೋಹದ ಬಾಡಿ ಮೂಲಕ, ಹಾಗಾಗಿ ಅರ್ಥಿಂಗ್ ಇಲ್ಲದ ಕಡೆ ನಾನು ಕೈ ಇಡಲ್ಲ. ಸಾಕೆಟ್ ಸರಿ ಇದ್ರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದು ಲೀಟರ್ ತಣ್ಣೀರು ತಗೊಳ್ಳಿ, ಉಷ್ಣತೆ ಬರೆದಿಡಿ, ಥರ್ಮಾಮೀಟರ್ ಹೊರಗಿಟ್ಟು ಫುಲ್ ಪವರ್‌ನಲ್ಲಿ 60 ಸೆಕೆಂಡ್ ಓಡಿಸಿ, ನೀರು ಕಲಕಿ ಮತ್ತೆ ನೋಡಿ. ಒಂದು ಡಿಗ್ರಿ ಏರಿದ್ರೆ ಹತ್ತಿರಹತ್ತಿರ 70 ವಾಟ್. 1800 ವಾಟ್‌ನ ಓವನ್‌ನಲ್ಲಿ 25 ಡಿಗ್ರಿ ಆಸುಪಾಸು ಏರಬೇಕು. ಬರೀ 12–13 ಏರಿತಾ? ಈ ದೊಡ್ಡ ಓವನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮ್ಯಾಗ್ನೆಟ್ರಾನ್, ಅದರಲ್ಲಿ ಒಂದು ಕಡೆಯದು ಕೆಲಸ ಮಾಡ್ತಿಲ್ಲ. ಒಂದು ಸ್ಕ್ರೂ ಕೂಡ ಬಿಚ್ಚದೆ ಅರ್ಧ ಉತ್ತರ ಸಿಕ್ಕಿತು.

ಈಗ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದ್ದು ಲೆಕ್ಕಕ್ಕಿಲ್ಲ. ಪ್ಲಗ್ ನಿಮ್ಮ ಕಣ್ಣೆದುರಿಗೇ ಬಿದ್ದಿರಬೇಕು. ಆಮೇಲೂ, ಕರೆಂಟನ್ನ ಕೂಡಿಟ್ಟುಕೊಳ್ಳೋ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಒಳಗಿನ ಬ್ಲೀಡರ್ ರೆಸಿಸ್ಟರ್ ಅದನ್ನ ಇಳಿಸಬೇಕು, ಆದ್ರೆ ಅದೂ ಕೆಡುತ್ತೆ. ನಾನು ಹೊಸಬನಾಗಿದ್ದಾಗ ಒಂದು ಕೆಪಾಸಿಟರ್ ಶಾರ್ಟ್ ಮಾಡಿ ಚಾರ್ಜ್ ಇಳಿಸಿ, ನಾನೇ ಜಾಣ ಅಂದ್ಕೊಂಡು ಕೈ ಹಾಕಿದೆ. ಪಕ್ಕದಲ್ಲೇ ಇನ್ನೊಂದಿತ್ತು. ಶಾಕ್ ಹೊಡೆದು ಮೊಣಕೈ ಹಿಂದಿನ ರ‍್ಯಾಕಿಗೆ ಬಡಿದು ವಾರ ಊದಿತ್ತು, ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ. ಹೈ ವೋಲ್ಟೇಜ್ ತಡೆಯೋ ರೆಸಿಸ್ಟರ್ ಹಾಕಿದ, ಇನ್ಸುಲೇಶನ್ ಇರೋ ಡಿಸ್ಚಾರ್ಜ್ ಕಡ್ಡಿ ಇಟ್ಕೊಳ್ಳಿ. ಒಂದು ಕೈ ಜೇಬಿನಲ್ಲಿ. ಕಡ್ಡಿಯನ್ನ ಮೊದಲು ಕೆಪಾಸಿಟರಿನ ಎರಡು ಟರ್ಮಿನಲ್ ನಡುವೆ ಮುಟ್ಟಿಸಿ, ಆಮೇಲೆ ಒಂದೊಂದು ಟರ್ಮಿನಲ್‌ನಿಂದ ಬಾಡಿಗೆ. ಎರಡೂ ಕೆಪಾಸಿಟರ್‌ಗೆ.

ಆಮೇಲೆ ವೈರ್ ಕಳಚಿ ಮೀಟರ್ ತೆಗೀರಿ. ಮ್ಯಾಗ್ನೆಟ್ರಾನ್‌ನ ಫಿಲಮೆಂಟ್, ಅಂದ್ರೆ ಒಳಗೆ ಕಾಯೋ ತಂತಿ, ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು, ಫಿಲಮೆಂಟ್‌ನಿಂದ ಬಾಡಿಗೆ ಓಪನ್ ಅನ್ನಬೇಕು, ಅಂದ್ರೆ ಸಂಪರ್ಕವೇ ಇರಬಾರದು. ಹೊಸಬರು ಎಡವೋದು ಡಯೋಡ್ ಹತ್ತಿರ, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಭಾಗ ಅದು. ಹೈ ವೋಲ್ಟೇಜ್ ಡಯೋಡ್ ಚೆನ್ನಾಗಿದ್ದರೂ ಮಾಮೂಲಿ ಮೀಟರ್ ಎರಡೂ ದಿಕ್ಕಿಗೆ ಓಪನ್ ಅನ್ನುತ್ತೆ, ಅದನ್ನ ದಾಟಿಸೋ ಶಕ್ತಿ ಮೀಟರ್‌ನ ಬ್ಯಾಟರಿಗಿಲ್ಲ. ಸೀರೀಸ್‌ನಲ್ಲಿ 9 ವೋಲ್ಟ್ ಬ್ಯಾಟರಿ ಸೇರಿಸಿ ಡಿಸಿ ವೋಲ್ಟ್‌ನಲ್ಲಿ ನೋಡಿದ್ರೆ ಒಂದು ದಿಕ್ಕಿಗೆ ವೋಲ್ಟೇಜ್ ಬರುತ್ತೆ, ತಿರುಗಿಸಿದ್ರೆ ಬರಲ್ಲ. ಇದು ಗೊತ್ತಿಲ್ಲದೆ ಎಷ್ಟು ಒಳ್ಳೆ ಡಯೋಡ್ ಕಸದ ಬುಟ್ಟಿ ಸೇರಿವೆಯೋ!

ಇನ್ನು ಬಾಗಿಲು. ತೆಗೆದಾಗಲೆಲ್ಲ ಫ್ಯೂಸ್ ಹೋಗ್ತಿದೆ ಅಂದ್ರೆ ತಪ್ಪು ಫ್ಯೂಸ್‌ದಲ್ಲ. ಬಾಗಿಲು ತೆರೆದಾಗ ಕರೆಂಟ್ ಕಡಿಯಬೇಕಾದ ಇಂಟರ್‌ಲಾಕ್ ಸ್ವಿಚ್ ಒಂದು ಒಳಗೇ ಅಂಟಿಕೊಂಡಿದೆ. ಬಾಗಿಲು ತೆರೆದ್ರೂ ಓವನ್ ಓಡಬಾರದು ಅಂತ ಮಾನಿಟರ್ ಸ್ವಿಚ್ ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಡ್ತಿದೆ. ಆ ಫ್ಯೂಸ್ ಜಾಗಕ್ಕೆ ತಂತಿ ಸುತ್ತಿಟ್ಟಿರೋದನ್ನ ನಾನು ಕಂಡಿದ್ದೇನೆ. ಸುತ್ತಿದವನು ಅಡುಗೆಮನೆಯವನಲ್ಲ, ನಮ್ಮವನೇ.

ಕವರ್ ಹಾಕಿದ ಮೇಲೆಯೇ ಮತ್ತೆ ಪ್ಲಗ್. ಒಳಗೆ 275 ಮಿಲಿಲೀಟರ್ ನೀರಿಟ್ಟು, ಹೊರಗೆ ಸೋರೋ ಅಲೆ ಅಳೆಯೋ ಲೀಕೇಜ್ ಮೀಟರನ್ನ 5 ಸೆಂಟಿಮೀಟರ್ ದೂರದಲ್ಲಿ ಬಾಗಿಲಿನ ಸಂದಿಯುದ್ದಕ್ಕೂ ನಿಧಾನವಾಗಿ ಸರಿಸಿ. ಚದರ ಸೆಂಟಿಮೀಟರ್‌ಗೆ 5 ಮಿಲಿವಾಟ್ ಮಿತಿ. ದಾಟಿದ್ರೆ ಓವನ್ ವಾಪಸ್ ಕೊಡಬೇಡಿ, ಓನರ್ ಎಷ್ಟೇ ಕೂಗಾಡಲಿ. ಕೊನೆಗೆ ಮತ್ತೊಂದು ಲೀಟರ್ ನೀರು. “ನೀರು ಕಾಯಿಸೋಕೆ ಇಷ್ಟು ದುಡ್ಡಾ?” ಅಂತ ಕೇಳ್ತಾರೆ. ಎರಡೂ ಸಲದ ಅಂಕಿ ಬಿಲ್ಲಿನ ಮೇಲೆ ಬರೆದುಕೊಡಿ.

ಮೇಜಿನ ಮೇಲೆ ಹಳೇ ಮ್ಯಾಗ್ನೆಟ್ರಾನ್ ಇಟ್ಟಿದ್ದೇನೆ, ಬಂದು ನೋಡಿ. ಸೆರಾಮಿಕ್ ಭಾಗ ಮಾತ್ರ ಒಡೀಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತೆ, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎಟಿಎಂ ಕಾರ್ಡೂ ದೂರ ಇರಲಿ, ಈ ಮ್ಯಾಗ್ನೆಟ್ರಾನಿನ ಮ್ಯಾಗ್ನೆಟ್ ಇನ್ನೂ ಗಟ್ಟಿಯಾಗಿದೆ.