ಬಾಯಿ ಕಟ್ಟು ಅನ್ನುವವರಿಗೆ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಹೋದ ವಾರದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟು. ಒಬ್ಬ ಹೆಣ್ಣುಮಗಳು ತನ್ನ ಕಷ್ಟ ಬರೆದುಕೊಂಡಿದ್ದಳು. ಹೆರಿಗೆ ಆದ ಮೇಲೆ ತೂಕ ಇಳಿಯುತ್ತಿಲ್ಲ, ಅಮ್ಮನೂ ಹೀಗೇ ಇದ್ದರು, ಅಜ್ಜಿಯೂ ಹೀಗೇ ಇದ್ದರು ಅಂತ. ಅದಕ್ಕೆ ಒಬ್ಬರು ಕೊಟ್ಟ ಉತ್ತರ ಏನು ಗೊತ್ತಾ? "ವಂಶ ಗಿಂಶ ಎಲ್ಲ ನೆಪ. ಬಾಯಿ ಕಟ್ಟಿ, ತಾನಾಗೇ ಇಳಿಯುತ್ತೆ." ಆ ಉತ್ತರಕ್ಕೆ ರಾಶಿ ರಾಶಿ ಲೈಕು. ಆ ಲೈಕುಗಳನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

ಹಾಗಾಗಿ ಇವತ್ತು ಒಂದೇ ಮಾತು. ಸುತ್ತಿ ಬಳಸಿ ಅದನ್ನೇ ಹೇಳುತ್ತೇನೆ, ಬೇಜಾರಾದರೂ ಕೇಳಿ. ಹಸಿವು ಎಲ್ಲರಿಗೂ ಒಂದೇ ಅಲ್ಲ. ಅಪ್ಪ ಅಮ್ಮನಿಂದ ಎತ್ತರ ಬರುತ್ತದೆ, ಮೈಬಣ್ಣ ಬರುತ್ತದೆ. ಹಸಿವೂ ಬರುತ್ತದೆ.

ಈಚೆಗೆ ತುಮಕೂರಿನ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಎದುರು ಸಾಲಿನಲ್ಲಿ ಒಬ್ಬಳು ಹುಡುಗಿ. ಹನ್ನೆರಡೋ ಹದಿಮೂರೋ ಇರಬಹುದು, ಸ್ವಲ್ಪ ದಪ್ಪ. ಹೋಳಿಗೆ ಬಡಿಸುವವರು ಅವಳ ಎಲೆ ಮುಂದೆ ಬಗ್ಗಿದರು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಅವರ ಕೈ ತಡೆದು, ಇಡೀ ಸಾಲಿಗೆ ಕೇಳುವ ಹಾಗೆ, "ಅವಳಿಗೆ ಬೇಡಪ್ಪ, ಈಗಲೇ ಹಿಂಗಿದ್ದಾಳೆ" ಅಂದರು. ಹುಡುಗಿ ತಲೆ ಎತ್ತಲಿಲ್ಲ. ಎಲೆ ತುದಿಯ ಕೋಸಂಬರಿಯನ್ನು ಬೆರಳಲ್ಲಿ ಕೆದಕುತ್ತಾ ಕೂತಳು. ಆಕಡೆ ಅವಳ ತಮ್ಮ ಇರಬೇಕು, ಸಣಕಲ ಹುಡುಗ, ಎರಡು ಹೋಳಿಗೆ ಮುಗಿಸಿ ಮೂರನೆಯದಕ್ಕೆ ಕೈ ಒಡ್ಡಿದ. ಅವನಿಗೆ ಅದೇ ದೊಡ್ಡಮ್ಮ, "ತಿನ್ನು ಮಗ, ಬೆಳೆಯೋ ವಯಸ್ಸು" ಅಂದರು. ಒಂದೇ ಮನೆ, ಒಂದೇ ಅಡುಗೆ. ಜಾಸ್ತಿ ತಿಂದವನಿಗೆ ಮುದ್ದು, ತಿನ್ನದವಳಿಗೆ ಮಂಗಳಾರತಿ.

ಈಗ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬನ್ನಿ. 1997ರಲ್ಲಿ ಅಲ್ಲಿನ ವೈದ್ಯರು ಸ್ಟೀಫನ್ ಓ'ರಾಹಿಲಿ, ಸದಫ್ ಫಾರೂಕಿ ಮತ್ತು ಅವರ ಜೊತೆಯವರು ಇಬ್ಬರು ಮಕ್ಕಳ ಬಗ್ಗೆ ಬರೆದರು. ಪಾಕಿಸ್ತಾನ ಮೂಲದ ಕುಟುಂಬ, ಇಬ್ಬರೂ ಹತ್ತಿರದ ಸಂಬಂಧಿಕರು. ಎಂಟು ವರ್ಷದ ಹುಡುಗಿಯ ತೂಕ 86 ಕೆಜಿ. ಎರಡು ವರ್ಷದ ಹುಡುಗನ ತೂಕ 29 ಕೆಜಿ. ಹುಟ್ಟುವಾಗ ಇಬ್ಬರದೂ ಮಾಮೂಲಿ ತೂಕವೇ. ಆಮೇಲೆ ಶುರುವಾಯಿತು ನೋಡಿ, ತೀರದ ಹಸಿವು. ಎಷ್ಟು ಕೊಟ್ಟರೂ ಸಾಲದು, ಇಲ್ಲ ಅಂದರೆ ರಂಪ.

ರಕ್ತ ಪರೀಕ್ಷೆ ಮಾಡಿದರು. ಆ ಮಕ್ಕಳ ಮೈಯಲ್ಲಿ ಲೆಪ್ಟಿನ್ ಇರಲೇ ಇಲ್ಲ ಅನ್ನಬೇಕು. ಲೆಪ್ಟಿನ್ ಅಂದರೆ ನಮ್ಮ ಕೊಬ್ಬಿನ ಕಣಗಳೇ ತಯಾರಿಸುವ ಒಂದು ಹಾರ್ಮೋನು. "ಇಲ್ಲಿ ಸಾಕಷ್ಟು ಕೂಡಿಟ್ಟಿದ್ದೇನೆ, ಇನ್ನು ಸಾಕು" ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಅದರ ಜೀನ್, ಅಂದರೆ ಅದನ್ನು ತಯಾರಿಸಲು ಅಪ್ಪ ಅಮ್ಮನಿಂದ ಬರುವ ಬರಹ, ಪತ್ತೆ ಮಾಡಿತ್ತು. ಈ ಮಕ್ಕಳಲ್ಲಿ ಆ ಜೀನಿನಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಅಷ್ಟೇ. ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತಲೇ ಇರಲಿಲ್ಲ.

ಇಂಥದ್ದೇ ಇನ್ನೊಂದು ಮಗು, ಮೂರು ವರ್ಷಕ್ಕೆ 42 ಕೆಜಿ. ಒಂದು ಹೊತ್ತಿಗೆ ಕೂರಿಸಿ ಊಟ ಕೊಟ್ಟರೆ ಸಾವಿರದ ನೂರು ಕ್ಯಾಲರಿಗೂ ಜಾಸ್ತಿ ತಿಂದಿತು, ಅಂದರೆ ದೊಡ್ಡವರೊಬ್ಬರ ಅರ್ಧ ದಿನದ ಊಟ. ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದ ಮೇಲೆ ಅಂಥದ್ದೇ ಊಟಕ್ಕೆ ಕೂರಿಸಿದರೆ ಅದೇ ಮಗು ತಿಂದದ್ದು ಸುಮಾರು 180 ಕ್ಯಾಲರಿ. ಏಳು ವರ್ಷ ಆಗುವಾಗ ಅದರ ತೂಕ 32 ಕೆಜಿ. ಬೆಳೆಯುವ ಮಗು, ಎತ್ತರ ಜಾಸ್ತಿಯಾಗಿದೆ, ತೂಕ ಇಳಿದಿದೆ!

ಹೇಳಿ ಈಗ. ಆ ಮಗುವಿಗೆ ಯಾರು ಬಾಯಿ ಕಟ್ಟಿಸಿದರು? ಯಾರು ಶಿಸ್ತು ಕಲಿಸಿದರು? ಯಾರೂ ಇಲ್ಲ. ಹಸಿವು ಇಳಿಯಿತು, ತೂಕ ಇಳಿಯಿತು.

"ಅದು ಲಕ್ಷಕ್ಕೊಬ್ಬರಿಗೆ ಬರೋ ಕಾಯಿಲೆ, ನಮಗೂ ಅದಕ್ಕೂ ಏನು ಸಂಬಂಧ" ಅನ್ನುತ್ತೀರಿ. ಈ ಮಾತು ಬರುತ್ತದೆ ಅಂತ ನನಗೆ ಗೊತ್ತಿತ್ತು. ಹೌದು, ಲೆಪ್ಟಿನ್ ಇಲ್ಲದವರು ತೀರಾ ಅಪರೂಪ. ಆದರೆ ಎಂಸಿ4ಆರ್ ಅಂತ ಇನ್ನೊಂದು ಜೀನ್ ಇದೆ, ಚಿಕ್ಕಂದಿನಿಂದ ವಿಪರೀತ ದಪ್ಪ ಇರುವವರಲ್ಲಿ ನೂರಕ್ಕೆ ಸುಮಾರು ಐದು ಜನರಲ್ಲಿ ಅದರ ದೋಷ ಸಿಕ್ಕಿದೆ. ಇನ್ನು ಎಫ್‌ಟಿಓ ಅನ್ನುವ ಜೀನು. ಇದು ಅಪರೂಪವೇ ಅಲ್ಲ. 2007ರಲ್ಲಿ ಯುರೋಪಿನ ಜನರಲ್ಲಿ ನೋಡಿದಾಗ, ಅದರ ತೂಕ ಏರಿಸುವ ರೂಪವನ್ನು ಅಪ್ಪ ಅಮ್ಮ ಇಬ್ಬರಿಂದಲೂ ಪಡೆದವರು ನೂರಕ್ಕೆ 16 ಜನ. ಅದು ಇಲ್ಲದವರಿಗಿಂತ ಇವರ ತೂಕ ಸರಾಸರಿ 3 ಕೆಜಿ ಜಾಸ್ತಿ. ಮರುವರ್ಷ ಸ್ಕಾಟ್ಲೆಂಡಿನ ಶಾಲಾ ಮಕ್ಕಳನ್ನು ಊಟಕ್ಕೆ ಕೂರಿಸಿ ಅಳೆದರು. ಈ ಜೀನ್ ಇರುವ ಮಕ್ಕಳ ಮೈ ಶಕ್ತಿ ಖರ್ಚು ಮಾಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಅವರು ತಿನ್ನುತ್ತಿದ್ದದ್ದೇ ಜಾಸ್ತಿ. ಕೇಳಿಸಿತಾ? ಜೀನು ಕೆಲಸ ಮಾಡುವುದು ಹಸಿವಿನ ಮೂಲಕ. ಇಂಥ ಸಣ್ಣ ಸಣ್ಣ ವ್ಯತ್ಯಾಸಗಳು ನೂರಾರು ಸಿಕ್ಕಿವೆ. ಒಂದೊಂದರದೂ ಪಾಲು ಕಡಿಮೆ. ಎಲ್ಲ ಸೇರಿದರೆ ಒಬ್ಬ ಮನುಷ್ಯನ ಹಣೆಬರಹವೇ ಬೇರೆ.

ಒಂದು ನಿಮಿಷ. ಹೊಸದಾಗಿ ನೋಡುತ್ತಿರುವವರು ಸಬ್‌ಸ್ಕ್ರೈಬ್ ಮಾಡಿ. ಕನ್ನಡದಲ್ಲಿ ಇಂಥ ವಿಷಯ ಕೂತು ಓದಿ ಹೇಳುವವರು ಕಡಿಮೆ, ನಿಮ್ಮ ಬೆಂಬಲ ಇದ್ದರೆ ನಡೆಯುತ್ತದೆ. ಪಾಡ್‌ಕಾಸ್ಟಿನಲ್ಲಿ ಕೇಳುತ್ತಿರುವವರು ನಿಮ್ಮ ಮನೆಯ ಗ್ರೂಪಿಗೂ ಕಳಿಸಿ, ಮುಖ್ಯವಾಗಿ ದೊಡ್ಡಮ್ಮಂದಿರು ಇರುವ ಗ್ರೂಪಿಗೆ.

ಈಗ ನನಗೆ ತುಂಬಾ ಇಷ್ಟವಾದ ಒಂದು ಅಧ್ಯಯನ. ಕೆನಡಾದ ಕ್ವಿಬೆಕ್‌ನಲ್ಲಿ ಕ್ಲೋಡ್ ಬುಶಾರ್ ಅನ್ನುವ ವಿಜ್ಞಾನಿ ಮಾಡಿದ್ದು, 1990ರಲ್ಲಿ ಪ್ರಕಟವಾಯಿತು. 12 ಜೋಡಿ ಅವಳಿಗಳು, ತದ್ರೂಪಿಗಳು, ಎಲ್ಲ ಹುಡುಗರು. ಅವರನ್ನು ಒಂದೇ ಕಡೆ ಇರಿಸಿ, 100 ದಿನದಲ್ಲಿ 84 ದಿನ, ದಿನಕ್ಕೆ ಸಾವಿರ ಕ್ಯಾಲರಿ ಹೆಚ್ಚಿಗೆ ತಿನ್ನಿಸಿದರು. ಎಲ್ಲರಿಗೂ ಅಷ್ಟೇ ಹೆಚ್ಚಿಗೆ. ಎಲ್ಲರ ಮೇಲೂ ಕಣ್ಣು. ಕೊನೆಗೆ ತೂಗಿದರೆ ಒಬ್ಬ 4.3 ಕೆಜಿ ಏರಿದ್ದಾನೆ, ಇನ್ನೊಬ್ಬ 13.3 ಕೆಜಿ! ಹೆಚ್ಚಿಗೆ ಹೋದ ಅನ್ನ ಒಂದೇ, ಮೈಗೆ ಹತ್ತಿದ್ದು ಮೂರು ಪಟ್ಟು. ಆದರೆ ಒಬ್ಬನ ತೂಕ ಹೇಗೆ ಏರಿತೋ ಅವನ ಅವಳಿಯದೂ ಹೆಚ್ಚುಕಡಿಮೆ ಹಾಗೇ ಏರಿತ್ತು. ಕೊಬ್ಬು ಸೇರಿದ ಜಾಗ ಕೂಡ ಹೊಂದುತ್ತಿತ್ತು, ಅಣ್ಣನಿಗೆ ಹೊಟ್ಟೆಗೆ ಬಂದರೆ ತಮ್ಮನಿಗೂ ಹೊಟ್ಟೆಗೇ.

ಅಂದರೆ ಹಸಿವಿನ ಜೊತೆಗೆ, ತಿಂದದ್ದನ್ನು ಮೈ ಏನು ಮಾಡುತ್ತದೆ ಅನ್ನುವುದೂ ಹುಟ್ಟಿನಿಂದ ಬರುತ್ತದೆ.

"ಅದು ಮನೆಯ ಅಭ್ಯಾಸ ಸಾರ್, ಅಪ್ಪ ಅಮ್ಮ ತಿಂಡಿಪೋತರಾದರೆ ಮಕ್ಕಳೂ ತಿಂಡಿಪೋತರು" ಅನ್ನುವವರಿಗೆ ಡೆನ್ಮಾರ್ಕ್ ಉತ್ತರ ಕೊಟ್ಟು ಎಷ್ಟೋ ಕಾಲವಾಯಿತು. ಅಲ್ಲಿ ದತ್ತು ಹೋದ 540 ಮಕ್ಕಳು ದೊಡ್ಡವರಾದ ಮೇಲೆ ಅವರ ತೂಕವನ್ನು ಆಲ್ಬರ್ಟ್ ಸ್ಟಂಕರ್ಡ್ ತಂಡ ಹೋಲಿಸಿ ನೋಡಿತು. 1986ರ ಮಾತಿದು. ಸಾಕಿದ ಅಪ್ಪ ಅಮ್ಮನ ತೂಕಕ್ಕೂ ಇವರ ತೂಕಕ್ಕೂ ಸಂಬಂಧ ಕಾಣಲಿಲ್ಲ. ಹೆತ್ತವರ ತೂಕಕ್ಕೆ ಸಂಬಂಧ ಸ್ಪಷ್ಟವಾಗಿ ಇತ್ತು. ಯಾರ ಅಡುಗೆಮನೆಯಲ್ಲಿ ಉಂಡು ಬೆಳೆದರೋ ಅವರ ಹಾಗೆ ಆಗಲಿಲ್ಲ. ಅಭ್ಯಾಸದ ವಾದ ಇಲ್ಲಿಗೆ ಮುಗಿಯಿತು, ಮುಂದೆ ಹೋಗೋಣ.

ಮುಂದಿನದು ಅಜ್ಜಿ ಕಾಲದ ವಾದ. "ನಮ್ಮ ಅಜ್ಜಿ ಕಾಲದಲ್ಲಿ ಯಾರು ದಪ್ಪ ಇದ್ದರು? ಆಗಲೂ ಇದೇ ಜೀನ್ ತಾನೆ?" ಇದನ್ನು ಹೇಳಿ ಗೆದ್ದೆ ಅಂದುಕೊಳ್ಳುತ್ತಾರೆ. ಜೀನ್ ಅದೇ. ಊಟ ಅದೇನಾ? ಆ ಕಾಲದಲ್ಲಿ ಮುದ್ದೆ, ಬಸ್ಸಾರು, ಮೈಲಿಗಟ್ಟಲೆ ನಡಿಗೆ, ಬಾವಿಯಿಂದ ನೀರು. ಹಬ್ಬಕ್ಕೊಂದು ಸಲ ಸಿಹಿ. ಹಸಿವು ಜಾಸ್ತಿ ಇದ್ದವಳಿಗೆ ತಿನ್ನಲು ಏನಿತ್ತು? ಈಗ ಮೊಬೈಲ್ ಒತ್ತಿದರೆ ಅರ್ಧ ಗಂಟೆಯಲ್ಲಿ ಬಿರಿಯಾನಿ ಬಾಗಿಲಿಗೆ. ಹಸಿವಿನ ಜೀನು ಇದ್ದವರು ಈಗ ಸಿಕ್ಕಿಬಿದ್ದರು, ಇಲ್ಲದವರು ಪಾರಾದರು. ಐಸಿಎಂಆರ್ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ್ದು, ದೇಶದ ದೊಡ್ಡವರಲ್ಲಿ ನೂರಕ್ಕೆ 39.5 ಜನಕ್ಕೆ ಹೊಟ್ಟೆಯ ಬೊಜ್ಜು ಇದೆ. ಇಷ್ಟು ಜನ ಒಟ್ಟಿಗೆ ಸೋಮಾರಿಗಳಾಗಿಬಿಟ್ಟರಾ? ಎಲ್ಲರ ಶಿಸ್ತೂ ಒಂದೇ ತಲೆಮಾರಿನಲ್ಲಿ ಹಾಳಾಯಿತಾ? ಯೋಚನೆ ಮಾಡಿ ಮಾತಾಡಿ.

ನಮ್ಮ ಮೈಯ ಕಥೆ ಇನ್ನೂ ವಿಚಿತ್ರ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಇಬ್ಬರೂ ನೋಡಲು ಸಣ್ಣಗೇ ಇದ್ದಾರೆ. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ನೂರಕ್ಕೆ 9.1, ನಮ್ಮ ಯಾಜ್ಞಿಕ್ ಅವರದು 21.2. ಸಣ್ಣಗಿದ್ದೂ ಕೊಬ್ಬು! ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗಲೂ ಇದೇ ಕಂಡಿತು. ಮಗು ಪುಟ್ಟದು, ಆದರೆ ಬೆನ್ನಿನ ಕಡೆಯ ಕೊಬ್ಬು ಕಡಿಮೆ ಇಲ್ಲ. ಇದರಲ್ಲಿ ಜೀನಿನ ಪಾಲು ಎಷ್ಟು, ತಾಯಿಯ ಹೊಟ್ಟೆಯಲ್ಲಿ ಸಿಕ್ಕ ಪೋಷಣೆಯ ಪಾಲು ಎಷ್ಟು ಅಂತ ವಿಜ್ಞಾನಿಗಳು ಚರ್ಚೆ ಮಾಡುತ್ತಾರೆ, ಮಾಡಲಿ. ಈಗಷ್ಟೇ ಹುಟ್ಟಿದ ಕೂಸು ಬಾಯಿ ಕಟ್ಟಬೇಕಿತ್ತಾ? ಅದು ಯಾವ ಬೇಕರಿಗೆ ಹೋಗಿತ್ತು? ಅದಕ್ಕೇ ನಮ್ಮ ಡಾಕ್ಟರುಗಳು ಬೊಜ್ಜಿನ ಗೆರೆಯನ್ನು ಬಿಎಂಐ 25ಕ್ಕೇ ಎಳೆದದ್ದು. ಪಾಶ್ಚಾತ್ಯ ದೇಶಗಳಲ್ಲಿ ಅದು 30. ಸಣ್ಣಗಿದ್ದೇನೆ ಅಂತ ಬೀಗುವ ಅಣ್ಣಂದಿರು ಒಂದು ಸಲ ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ.

ಇನ್ನು ಲೆಕ್ಕದ ಮೇಷ್ಟ್ರುಗಳು. "ಒಳಗೆ ಹೋಗೋ ಕ್ಯಾಲರಿ, ಹೊರಗೆ ಹೋಗೋ ಕ್ಯಾಲರಿ, ಅಷ್ಟೇ ಬ್ರೋ." ಲೆಕ್ಕ ಸುಳ್ಳು ಅಂತ ಯಾರು ಹೇಳಿದರು? ಆ ಲೆಕ್ಕ ನಡೆಸುವವರು ಯಾರು ಅಂತ ಕೇಳುತ್ತಿದ್ದೇನೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50 ಜನರಿಗೆ ಕಟ್ಟುನಿಟ್ಟಿನ ಪಥ್ಯ ಮಾಡಿಸಿ ತೂಕ ಇಳಿಸಿದರು, 2011ರಲ್ಲಿ ಅದು ಪ್ರಕಟವಾಯಿತು. ವರ್ಷ ಕಳೆದು ನೋಡಿದರೂ ಅವರ ಹಸಿವಿನ ಹಾರ್ಮೋನು ಏರಿಯೇ ಇತ್ತು, ಲೆಪ್ಟಿನ್ ಇಳಿದೇ ಇತ್ತು. ಹೊಟ್ಟೆ ಮೊದಲಿಗಿಂತ ಜಾಸ್ತಿ ಹಸಿಯುತ್ತಿತ್ತು. ಕಳೆದುಕೊಂಡದ್ದನ್ನು ವಾಪಸ್ ತಾ ಅಂತ ಮೈ ಹಠ ಹಿಡಿಯುತ್ತದೆ. ಉಸಿರು ಬಿಗಿ ಹಿಡಿ ಅಂದರೆ ಯಾರು ಬೇಕಾದರೂ ಒಂದು ನಿಮಿಷ ಹಿಡಿಯುತ್ತಾರೆ. ಜೀವಮಾನ ಪೂರ್ತಿ ಹಿಡಿ ಅಂತ ಹೇಳುತ್ತಿದ್ದೀರಲ್ಲ, ನಾಚಿಕೆ ಆಗುವುದಿಲ್ಲವಾ?

2025ರ ಮಾರ್ಚಿನಲ್ಲಿ ಹಸಿವು ತಗ್ಗಿಸಿ ತೂಕ ಇಳಿಸುವ ಮೌಂಜಾರೊ ಚುಚ್ಚುಮದ್ದು ನಮ್ಮ ದೇಶಕ್ಕೂ ಬಂತು. ಅದನ್ನು ತೆಗೆದುಕೊಂಡವರು ಏನು ಹೇಳುತ್ತಾರೆ ಕೇಳಿ. "ಊಟದ ಯೋಚನೆಯೇ ತಲೆಯಲ್ಲಿ ಬರುವುದಿಲ್ಲ, ಮನಸ್ಸು ಖಾಲಿ ಅನ್ನಿಸುತ್ತದೆ." ಬೇರೆಯವರು ಹುಟ್ಟಿದಾಗಿನಿಂದ ಹಾಗೇ ಇದ್ದಾರೆ! ಅವರು ಬಾಯಿ ಕಟ್ಟಿಲ್ಲ, ಕಟ್ಟುವ ಅಗತ್ಯವೇ ಅವರಿಗೆ ಬಂದಿಲ್ಲ. ಔಷಧಿ ನಿಲ್ಲಿಸಿದರೆ ಹೆಚ್ಚಿನವರಿಗೆ ಹಸಿವೂ ವಾಪಸ್, ತೂಕವೂ ವಾಪಸ್. ಇದನ್ನು ಅಡ್ಡದಾರಿ ಅನ್ನುವವರು ಬಿಪಿ ಮಾತ್ರೆಯನ್ನೂ ಅಡ್ಡದಾರಿ ಅನ್ನಲಿ ನೋಡೋಣ. ಹಾಗಂತ ನೀವೇ ಮೆಡಿಕಲ್ ಶಾಪಿಗೆ ಹೋಗಿ ತಂದು ಚುಚ್ಚಿಕೊಳ್ಳಬೇಡಿ, ಡಾಕ್ಟರ್ ಹೇಳದೆ ಬೇಡವೇ ಬೇಡ.

ಸಣ್ಣಗಿರುವವರಿಗೆ ಒಂದು ಮಾತು. ಅದೇ ಸದಫ್ ಫಾರೂಕಿ ಅವರ ತಂಡ 2019ರಲ್ಲಿ ತೀರಾ ಸಣ್ಣಗಿದ್ದು ಆರೋಗ್ಯವಾಗಿರುವವರನ್ನೂ ಪರೀಕ್ಷೆ ಮಾಡಿತು. ಅವರಲ್ಲಿ ತೂಕ ಏರಿಸುವ ಜೀನ್ ರೂಪಗಳು ಕಡಿಮೆ ಇದ್ದವು. ನಿಮಗೆ ಸಿಕ್ಕದ್ದು ಅದೃಷ್ಟ. ಅದೃಷ್ಟವನ್ನು ಸಾಧನೆ ಅಂತ ರೀಲ್ಸ್ ಮಾಡಿ ಇನ್ನೊಬ್ಬರಿಗೆ ಬುದ್ಧಿ ಹೇಳಬೇಡಿ.

"ಹಾಗಾದರೆ ಏನೂ ಮಾಡಬೇಡ್ವಾ, ಕೈ ಕಟ್ಟಿ ಕೂರೋದಾ?" ಯಾರು ಹೇಳಿದರು ಹಾಗಂತ? ನಡೆಯಿರಿ, ನಿದ್ದೆ ಮಾಡಿ, ಮನೆಗೆ ಚಿಪ್ಸ್ ಪ್ಯಾಕೆಟ್ ತರಬೇಡಿ. ಎಲ್ಲರಿಗೂ ಒಳ್ಳೆಯದು. ಐದು ವರ್ಷದ ಒಳಗೇ ಮಗು ವಿಪರೀತ ದಪ್ಪ ಆಗುತ್ತಿದೆ, ಹಸಿವು ತಡೆಯುತ್ತಲೇ ಇಲ್ಲ ಅಂದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ, ಜೀನ್ ಪರೀಕ್ಷೆ ಬೇಕಾ ಅಂತ ಕೇಳಿ. ಆದರೆ ಬೈಯಬೇಡಿ. ಬ್ರಿಟನ್ನಿನಲ್ಲಿ ಇಂಥ ಕೆಲವು ಮಕ್ಕಳ ಅಪ್ಪ ಅಮ್ಮನ ಮೇಲೆ ಸರ್ಕಾರದವರಿಗೇ ಅನುಮಾನ ಬಂತು, ಬೇಕಂತಲೇ ಜಾಸ್ತಿ ತಿನ್ನಿಸುತ್ತಿದ್ದಾರೆ ಅಂತ. ಮಕ್ಕಳ ಹೆಸರು ಅಪಾಯದ ಪಟ್ಟಿಗೆ ಸೇರಿತು. ಆಮೇಲೆ ನೋಡಿದರೆ ಆ ಮಕ್ಕಳ 16ನೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನುಗಳಿರುವ ಎಳೆಯಲ್ಲಿ, ಒಂದು ತುಂಡೇ ಇರಲಿಲ್ಲ. ಪಟ್ಟಿಯಿಂದ ಹೆಸರು ತೆಗೆದರು. ಆ ತಾಯಂದಿರು ಅಷ್ಟು ದಿನ ಏನೇನು ಮಾತು ಕೇಳಿರಬೇಕು?

ನಮ್ಮಲ್ಲಿ ಅಂಥ ಪಟ್ಟಿ ಬೇಕಿಲ್ಲ, ಪ್ರತಿ ಮನೆಯಲ್ಲೂ ಒಬ್ಬರು ಇದ್ದಾರೆ. ಹೆಣ್ಣು ನೋಡಲು ಬಂದವರು ಹೇಳುತ್ತಾರೆ, ಆಫೀಸಿನ ಕ್ಯಾಂಟೀನಿನಲ್ಲಿ ಹೇಳುತ್ತಾರೆ, ಮಂಡಿ ನೋವು ಅಂತ ಹೋದರೆ ಕ್ಲಿನಿಕ್ಕಿನಲ್ಲೂ ಮಂಡಿ ಮುಟ್ಟದೇ ಹೇಳುತ್ತಾರೆ. ಬಾಯಿ ಕಟ್ಟು, ಬಾಯಿ ಕಟ್ಟು, ಬಾಯಿ ಕಟ್ಟು. ಸಾಕು ಮಾಡಿ! ಹಸಿವು ಹುಟ್ಟಿನಿಂದ ಬರುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ಯಾರನ್ನೂ ಬೈಯಬಾರದು. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮುಂದಿನ ವಾರ ಥೈರಾಯ್ಡ್ ಬಗ್ಗೆ ಮಾತಾಡುತ್ತೇನೆ, ಪ್ರಶ್ನೆಗಳಿದ್ದರೆ ಈಗಲೇ ಬರೆದು ಕಳಿಸಿ. ಲೈಕ್ ಮಾಡಿ, ಶೇರ್ ಮಾಡಿ. ನಮಸ್ಕಾರ.