ಮೊದಲ ಕಾರಿನ ಇನ್ಶೂರೆನ್ಸ್: ಕತ್ತರಿ ಎಲ್ಲಿ ಹಾಕ್ಬೇಕು (ಶಿರಸಿಯಲ್ಲಿ ಡಿಗ್ರಿ ಕೊನೇ ವರ್ಷದ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸ)

ಎಲ್ರಿಗೂ ನಮಸ್ಕಾರ. ನಾನು ಕುಮಟೆಯಲ್ಲಿದ್ದು ಮೋಟಾರ್ ಇನ್ಶೂರೆನ್ಸ್ ಸರ್ವೇಯರ್ ಕೆಲಸ ಮಾಡೋನು. ಅಂದ್ರೆ ಗಾಡಿ ಆಕ್ಸಿಡೆಂಟ್ ಆದ್ಮೇಲೆ ಗ್ಯಾರೇಜಿಗೆ ಹೋಗಿ ಎಂತ ಎಂತ ಒಡೆದಿದೆ, ಪಾಲಿಸಿ ಪ್ರಕಾರ ಎಷ್ಟು ಸಿಗ್ಬೇಕು ಅಂತ ರಿಪೋರ್ಟ್ ಬರೆಯೋದು. ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರ ಯಲ್ಲಾಪುರ ಎಲ್ಲ ಕಡೆ ತಿರುಗ್ತೇನೆ. ನಿಮ್ಮ ವಯಸ್ಸಿನೋರ ಗಾಡಿಗಳನ್ನ ಸುಮಾರು ನೋಡಿದ್ದೇನೆ, ನಿಮ್ಮ ವಯಸ್ಸಿನೋರ ಅಪ್ಪ ಅಮ್ಮನ ಮುಖಾನೂ ನೋಡಿದ್ದೇನೆ, ಅದಕ್ಕೇ ಸರ್ ಕರೆದಾಗ ಬೇರೆ ಕೆಲಸ ಬಿಟ್ಟು ಬಂದೆ.

ಕಾರ್ ತಗೊಳ್ಳೋ ಹುಡುಗ್ರು ಎಲ್ರೂ ಹೇಳೋ ಮಾತು ಒಂದೇ, ಇನ್ಶೂರೆನ್ಸ್ ಸಿಕ್ಕಾಪಟ್ಟೆ ದುಬಾರಿ ಆಗಿದೆ ಸರ್ ಅಂತ. ಸುಳ್ಳಲ್ಲ. ಆದ್ರೆ ಖರ್ಚು ಇಳಿಸ್ಬೇಕು ಅಂತ ಅವ್ರು ಕತ್ತರಿ ಹಾಕೋ ಜಾಗ ಇದೆಯಲ್ಲ, ಅದು ಸರಿ ಇಲ್ಲ. ಉಳಿಸಬಹುದಾದ ಕಡೆ ಉಳಿಸೋದಿಲ್ಲ, ಮುಟ್ಟಬಾರದ್ದನ್ನ ತೆಗೆದು ಹಾಕ್ತಾರೆ. ಇವತ್ತು ನಾನು ಹೇಳ್ಬೇಕಂತ ಬಂದಿರೋದು ಇಷ್ಟೇ, ಉಳಿದದ್ದೆಲ್ಲ ಅದರ ವಿವರಣೆ.

ಮೊದ್ಲು ಒಂದು ತಪ್ಪು ಕಲ್ಪನೆ. ಯೂಟ್ಯೂಬಲ್ಲಿ ಇಂಗ್ಲೆಂಡ್ ಅಮೆರಿಕದ ವಿಡಿಯೋ ನೋಡಿ ವಯಸ್ಸು ಕಡಿಮೆ ಇದ್ರೆ ಪ್ರೀಮಿಯಂ ಜಾಸ್ತಿ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಅಲ್ಲಿ ಅದು ನಿಜ. ಇಂಗ್ಲೆಂಡಲ್ಲಿ 17ಕ್ಕೆ ಕಾರ್ ಲೈಸೆನ್ಸ್ ಸಿಗತ್ತೆ, ಆ ವಯಸ್ಸಿನೋರಿಗೆ ಒಂದು ವರ್ಷದ ಪ್ರೀಮಿಯಂ ಕೆಲವು ಸಲ ಅವ್ರ ಹಳೇ ಕಾರಿನ ಬೆಲೆಗಿಂತ ಜಾಸ್ತಿ ಇರೋದೂ ಉಂಟು. ಕಡಿಮೆ ಮಾಡ್ಬೇಕಂದ್ರೆ ಕಾರಲ್ಲಿ ಬ್ಲ್ಯಾಕ್ ಬಾಕ್ಸ್ ಹಾಕಿಸ್ಕೋಬೇಕು, ಅದು ನೀವು ಎಷ್ಟು ಜೋರಾಗಿ ಬ್ರೇಕ್ ಹಾಕ್ತೀರಿ, ರಾತ್ರಿ ಎಷ್ಟು ಗಂಟೆಗೆ ಓಡಿಸ್ತೀರಿ ಎಲ್ಲ ಕಂಪನಿಗೆ ಹೇಳ್ತಾ ಇರತ್ತೆ. ಮಗ ಓಡಿಸೋ ಕಾರನ್ನ ಅಪ್ಪನೇ ಮುಖ್ಯ ಡ್ರೈವರ್ ಅಂತ ತೋರಿಸಿ ಪಾಲಿಸಿ ಮಾಡಿಸಿದ್ರೆ ಅಲ್ಲಿ ಅದು ಮೋಸ, ಕ್ಲೇಮೇ ಹೋಗಬಹುದು. ಮೊದ್ಲು ಹುಡುಗಿಯರಿಗೆ ರೇಟ್ ಕಡಿಮೆ ಇತ್ತು, ಯುರೋಪಿನ ಕೋರ್ಟು 2011ರಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂತ ಹೇಳಿದ ಮೇಲೆ 2012ರ ಡಿಸೆಂಬರಿಂದ ಅದೂ ನಿಂತಿತು.

ನಮ್ಮಲ್ಲಿ ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯೋರಿಗೆ ಆದ ನಷ್ಟಕ್ಕೆ ಕೊಡೋ ಭಾಗ, ಅದರ ಪ್ರೀಮಿಯಂ ಸರ್ಕಾರ ಗೊತ್ತು ಮಾಡೋದು, ಅದು ಇಂಜಿನ್ ಸಿಸಿ ಮೇಲೆ ಹೋಗತ್ತೆ, ನಿಮಗೆ 19 ಆಗಿರ್ಲಿ 59 ಆಗಿರ್ಲಿ ಒಂದೇ. ಓನ್ ಡ್ಯಾಮೇಜ್ ಅಂದ್ರೆ ನಿಮ್ಮ ಗಾಡಿಯದ್ದೇ ರಿಪೇರಿ ಭಾಗ, ಅದರ ರೇಟು 2007ರಿಂದ ಕಂಪನಿಗಳ ಕೈಲಿದೆ, ಅಲ್ಲೂ ಮುಖ್ಯವಾಗಿ ನೋಡೋದು ಗಾಡಿಯ ಬೆಲೆ ಅಂದ್ರೆ ಐಡಿವಿ, ಸಿಸಿ, ಗಾಡಿ ಎಷ್ಟು ಹಳೇದು, ಎಲ್ಲಿ ರಿಜಿಸ್ಟರ್ ಆಗಿದೆ ಅನ್ನೋದು. ಬೆಂಗಳೂರು ಮುಂಬಯಿ ಪುಣೆ ಸೇರಿ ಎಂಟು ದೊಡ್ಡ ಊರು ಎ ಝೋನ್, ನಮ್ಮ ಕೆಎ 30, ಕೆಎ 31, ಕೆಎ 47 ಎಲ್ಲ ಬಿ ಝೋನ್, ಸ್ವಲ್ಪ ಕಡಿಮೆ.

ಹಾಗಾದ್ರೆ ಹುಡುಗ್ರಿಗೇ ಎಂತಕ್ಕೆ ಜಾಸ್ತಿ ಬಿಸಿ ತಟ್ಟತ್ತೆ? ಶುರು ಮಾಡೋರು ಅವ್ರು, ಶುರುವಿನ ವರ್ಷಗಳೇ ಭಾರ. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಂದೇ ಸಲ ಕಟ್ಬೇಕಾಯ್ತು, ಬೈಕಿಗೆ ಐದು ವರ್ಷದ್ದು. ರೇಟೂ ಏರಿದೆ. 1000ದಿಂದ 1500 ಸಿಸಿ ಒಳಗಿನ ಕಾರಿಗೆ 2015-16ರಲ್ಲಿ ವರ್ಷಕ್ಕೆ 1,598 ರೂಪಾಯಿ ಇದ್ದದ್ದು 2022 ಜೂನ್ 1ರಿಂದ 3,416 ಆಯ್ತು, ಮೂರು ವರ್ಷದ್ದು ಸೇರಿ 10,640. ಹೊರಗೆ ನಿಂತಿವೆಯಲ್ಲ 350 ಸಿಸಿ ಬೈಕುಗಳು, ಅವಕ್ಕೆ ಐದು ವರ್ಷದ್ದು 7,365. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಓನ್ ಡ್ಯಾಮೇಜಲ್ಲಿ ಹೊಸ ಗಾಡಿ ಅಂದ್ಮೇಲೆ ಐಡಿವಿ ಜಾಸ್ತಿ, ಕ್ಲೇಮ್ ಮಾಡದಿದ್ದಕ್ಕೆ ಸಿಗೋ ಕಡಿತ ಅಂದ್ರೆ ನೋ ಕ್ಲೇಮ್ ಬೋನಸ್ ಸೊನ್ನೆ. ಇನ್ನು ಈಗಿನ ಕಾರುಗಳ ಸಾಮಾನು ಇದೆಯಲ್ಲ, ಹಿಂದಿನ ಬಂಪರ್ ಅಂದ್ರೆ ಒಂದು ಪ್ಲಾಸ್ಟಿಕ್ಕು, ಈಗ ಅದರೊಳಗೆ ಸೆನ್ಸರ್, ಕ್ಯಾಮೆರಾ, ವಯರಿಂಗ್, ಎಲ್‌ಇಡಿ ಹೆಡ್‌ಲೈಟ್ ಒಡೆದ್ರೆ ಬಲ್ಬ್ ಬದಲಿಸೋದಲ್ಲ ಇಡೀ ಸೆಟ್ಟೇ ಬದಲಿಸ್ಬೇಕು. ನಾನು ಬರೆಯೋ ಎಸ್ಟಿಮೇಟುಗಳು ದಪ್ಪ ಆಗ್ತಾ ಹೋದ್ದು ಇದರಿಂದ್ಲೇ, ಅದು ಕೊನೆಗೆ ಎಲ್ರ ಪ್ರೀಮಿಯಮ್ಮಲ್ಲೂ ಬರತ್ತೆ.

ಈಗ ಉಳಿಸೋ ವಿಷ್ಯ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ಲೆಕ್ಕ ಇದೆ, ಬೇಕಾದ್ರೆ ಬರ್ಕೊಳ್ಳಿ.

ನೋ ಕ್ಲೇಮ್ ಬೋನಸ್ ಅಂದ್ರೆ ವರ್ಷ ಪೂರ್ತಿ ಕ್ಲೇಮ್ ಮಾಡದಿದ್ರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಲ್ಲಿ 20 ಪರ್ಸೆಂಟ್ ಕಡಿತ, ಆಮೇಲೆ 25, 35, 45, ಐದನೇದಕ್ಕೆ 50. ಒಂದು ಕ್ಲೇಮ್ ಮಾಡಿದ್ರೆ ಮತ್ತೆ ಸೊನ್ನೆ. ಈಗ ನೋಡಿ, ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 12,000 ಅಂತ ಇಟ್ಕೊಳ್ಳಿ, ನೀವು 35 ಪರ್ಸೆಂಟಿನ ಹಂತದಲ್ಲಿದ್ದೀರಿ. ಬಸ್ ಸ್ಟ್ಯಾಂಡ್ ಹತ್ರ ಯಾರೋ ಬೈಕಿನೋರು ಬಾಗಿಲಿಗೆ ಗೀರು ಹಾಕಿ ಹೋದ್ರು, ಪೇಂಟಿಂಗಿಗೆ 5,000 ಖರ್ಚು. ಇನ್ಶೂರೆನ್ಸ್ ಇದೆಯಲ್ಲ ಅಂತ ಕ್ಲೇಮ್ ಮಾಡ್ತೀರಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1,000 ನಿಮ್ಮ ಕೈಯಿಂದ ಹೋಗತ್ತೆ, ಅಲ್ಲಿಗೆ ಹೆಚ್ಚಂದ್ರೆ 4,000 ಸಿಕ್ತು. ಕ್ಲೇಮ್ ಮಾಡದೇ ಇದ್ದಿದ್ರೆ ಮುಂದಿನ ಮೂರು ವರ್ಷ 45, 50, 50 ಪರ್ಸೆಂಟ್ ಸಿಗ್ತಿತ್ತು, ಅಂದ್ರೆ 5,400, 6,000, 6,000 ಉಳಿತಾಯ. ಕ್ಲೇಮ್ ಮಾಡಿದ್ದಕ್ಕೆ ಈಗ ಸೊನ್ನೆ, ಆಮೇಲೆ 2,400, ಆಮೇಲೆ 3,000. ವ್ಯತ್ಯಾಸ ಕೂಡಿಸಿ ನೋಡಿ, ಸರೀ 12,000 ಬರತ್ತೆ, ಜಿಎಸ್‌ಟಿ ಬೇರೆ. 4,000 ತಗೊಂಡು 12,000 ಬಿಟ್ಟು ಬಂದ ಹಾಗಾಯ್ತು ಅಲ್ವಾ? ಗ್ಯಾರೇಜಿನೋರು, ಶೋರೂಮಿನೋರು ಕ್ಲೇಮ್ ಮಾಡಿ ಸರ್ ಕ್ಲೇಮ್ ಮಾಡಿ ಅಂತಾರೆ, ಅವ್ರಿಗೆ ಕೆಲಸ ಸಿಗತ್ತೆ, ನಿಮ್ಮ ಬೋನಸ್ ಹೋಗೋದು ಅವ್ರ ಲೆಕ್ಕದಲ್ಲಿ ಇರೋದಿಲ್ಲ. ಸಣ್ಣ ಗೀರು, ಸಣ್ಣ ಡೆಂಟು ಇದ್ದಾಗ ಈ ಲೆಕ್ಕ ಒಂದು ಸಲ ಹಾಕಿ, ಆಮೇಲೆ ತೀರ್ಮಾನ ಮಾಡಿ. ಪಾಲಿಸಿ ಮುಗಿದ ಮೇಲೆ 90 ದಿನದ ಒಳಗೆ ರಿನ್ಯೂ ಮಾಡದಿದ್ರೂ ಬೋನಸ್ ಹೋಗತ್ತೆ, ಇದು ಗೊತ್ತಿಲ್ದೇ ಕಳ್ಕೊಂಡೋರು ನಮ್ಮ ಜಿಲ್ಲೆಯಲ್ಲಿ ತುಂಬ ಜನ ಇದ್ದಾರೆ, ಅಡಿಕೆ ವ್ಯಾಪಾರ ಆದ್ಮೇಲೆ ಮಾಡಿಸ್ತೇನೆ ಅಂತ ಬಿಟ್ಟಿರ್ತಾರೆ.

ಇನ್ನೊಂದು. ಈ ಬೋನಸ್ ಕಾರಿಂದಲ್ಲ, ಮಾಲೀಕರದ್ದು. ಮನೇಲಿ ಹಳೇ ಕಾರಿಗೆ ಅಪ್ಪಯ್ಯನ ಹೆಸರಲ್ಲಿ 50 ಪರ್ಸೆಂಟ್ ಇದೆ, ಅದನ್ನ ಮಾರಿ ಹೊಸದು ತಗೊಳ್ತಾರೆ, ಹೊಸದು ಮಗನ ಹೆಸರಿಗೆ ಇರ್ಲಿ ಅಂತ ಪ್ರೀತಿಯಿಂದ ಮಾಡಿಸ್ತಾರೆ. ಅಲ್ಲಿಗೆ ಆ 50 ಪರ್ಸೆಂಟ್ ಉಪಯೋಗಕ್ಕಿಲ್ಲ. ಅಪ್ಪಯ್ಯನ ಹೆಸರಲ್ಲೇ ಹೊಸ ಕಾರ್ ತಗೊಂಡಿದ್ರೆ ಹಳೇ ಕಂಪನಿಯಿಂದ ಒಂದು ಲೆಟರ್ ತಂದು ಕೊಟ್ಟು ಆ ಬೋನಸ್ ಹೊಸ ಕಾರಿಗೆ ಹಾಕಿಸಬಹುದಿತ್ತು. ನಮ್ಮ ಪಾಲಿಸಿಯಲ್ಲಿ ಲೈಸೆನ್ಸ್ ಇರೋ ಯಾರೂ ಮಾಲೀಕರ ಒಪ್ಪಿಗೆ ಮೇಲೆ ಓಡಿಸಬಹುದು, ಇಂಗ್ಲೆಂಡಿನ ಹಾಗೆ ಮುಖ್ಯ ಡ್ರೈವರ್ ಯಾರು ಅಂತ ಕೇಳೋದಿಲ್ಲ.

ಆದ್ರೆ ಇಲ್ಲೇ ಒಂದು ದೊಡ್ಡ ಗುಂಡಿ ಇದೆ, ದಯವಿಟ್ಟು ಕೇಳಿ. ಕಡ್ಡಾಯ ಪರ್ಸನಲ್ ಆಕ್ಸಿಡೆಂಟ್ ಕವರ್, ಅಂದ್ರೆ ಜೀವ ಹೋದ್ರೆ, ದೊಡ್ಡ ಅಂಗ ಊನ ಆದ್ರೆ ಸಿಗೋ 15 ಲಕ್ಷದ್ದು, ಇರೋದು ಮಾಲೀಕನಿಗೆ ಮಾತ್ರ. ಅಪ್ಪಯ್ಯನ ಕಾರು ಮಗ ಓಡಿಸ್ತಾ ಅರಬೈಲ್ ಘಟ್ಟದಲ್ಲಿ ಬೇರೆ ಯಾರ ತಪ್ಪೂ ಇಲ್ದೆ ಗಾಡಿ ಮಗುಚಿದ್ರೆ ಆ 15 ಲಕ್ಷ ಮಗನಿಗೆ ಬರೋದಿಲ್ಲ. ಥರ್ಡ್ ಪಾರ್ಟಿ ಅಂತ ಕೇಳೋಕೂ ಆಗೋದಿಲ್ಲ, ಎರವಲು ತಗೊಂಡು ಓಡಿಸೋನು ಮಾಲೀಕನ ಜಾಗದಲ್ಲೇ ನಿಂತ ಹಾಗೆ ಅಂತ 2009ರಲ್ಲಿ ಕರ್ನಾಟಕದ್ದೇ ಒಂದು ಬೈಕಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಮನೆಗಳಿಗೆ ನಾನು ಹೋಗಿ ಕೂತಿದ್ದೇನೆ, ಇಷ್ಟು ಪ್ರೀಮಿಯಂ ಕಟ್ಟಿದ್ದೇವಲ್ಲ ನಮಗೆ ಎಂತದೂ ಇಲ್ವಾ ಅಂತ ಆಯಿ ಕೇಳಿದಾಗ ಉತ್ತರ ಕೊಡೋದು ತುಂಬ ಕಷ್ಟ. ನೀವು ಮನೆಯೋರ ಗಾಡಿ ಓಡಿಸ್ತೀರಿ ಅಂದ್ರೆ ನಿಮ್ಮ ಹೆಸರಲ್ಲಿ ಬೇರೆಯೇ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸ್ಕೊಳ್ಳಿ. ಕಾರಿನ ಪ್ರೀಮಿಯಮ್ಮಿಗೆ ಹೋಲಿಸಿದ್ರೆ ಸಣ್ಣ ಮೊತ್ತ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು 1,68,491 ಜನ, ಅದರಲ್ಲಿ ಮೂರನೇ ಎರಡು ಪಾಲು 18ರಿಂದ 45ರ ಒಳಗಿನೋರು. ನಿಮ್ಮನ್ನ ಹೆದರಿಸೋಕೆ ಹೇಳ್ತಾ ಇಲ್ಲ, ಈ ಒಂದು ಖರ್ಚನ್ನ ಮಾತ್ರ ಕತ್ತರಿಸಬೇಡಿ ಅಂತ ಕೇಳ್ಕೊಳ್ತಾ ಇದ್ದೇನೆ.

ಹಾಗೇ ಮಳೆಗಾಲ. ನೀರು ಒಳಗೆ ಹೋಗಿ ಇಂಜಿನ್ ಹಾಳಾದ್ರೆ ಸಾಮಾನ್ಯ ಪಾಲಿಸಿಯಲ್ಲಿ ಸಿಗೋದು ಕಷ್ಟ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಹಾಕಿಸ್ಬೇಕು. ಆನ್‌ಲೈನಲ್ಲಿ ಪಾಲಿಸಿ ತಗೊಳ್ಳುವಾಗ ಹುಡುಗ್ರು ಮೊದ್ಲು ಟಿಕ್ ತೆಗೆಯೋದೇ ಅದನ್ನ. ಮರಳುಗಾಡಲ್ಲಿ ಇರೋರು ತೆಗೆಯಲಿ ಮಾರಾಯ್ರೆ, ಗಂಗಾವಳಿ ಅಘನಾಶಿನಿ ಕಾಳಿ ಬದಿಯಲ್ಲಿ ಇರೋರು ತೆಗೆಯೋದಾ? ಕೀ ಕಳೆದುಹೋದ್ರೆ ಕೊಡೋ ಕವರು, ಬ್ಯಾಗ್ ಕಳೆದುಹೋದ್ರೆ ಕೊಡೋ ಕವರು ಅಂತ ಶೋರೂಮಿನ ಕೋಟೇಶನ್ನಲ್ಲಿ ಸೇರಿಸಿರ್ತಾರೆ, ಅದನ್ನ ತೆಗೀರಿ. ಶೋರೂಮಲ್ಲೇ ಇನ್ಶೂರೆನ್ಸ್ ಮಾಡಿಸ್ಬೇಕು ಅಂತ ಕಾನೂನೂ ಇಲ್ಲ, ಹೊರಗೆ ಎರಡು ಮೂರು ಕಡೆ ಕೇಳಿ, ಅದೇ ಕವರಿಗೆ ಸಾವಿರಾರು ರೂಪಾಯಿ ವ್ಯತ್ಯಾಸ ಬರಬಹುದು. ನೀರು ನಿಂತಲ್ಲಿ ಗಾಡಿ ಬಂದ್ ಆದ್ರೆ ಮಾತ್ರ ಮತ್ತೆ ಮತ್ತೆ ಸೆಲ್ಫ್ ಹೊಡೀಬೇಡಿ, ಇಂಜಿನ್ ಒಳಗೆ ರಾಡ್ ಬಗ್ಗೋದೇ ಆವಾಗ. ತಳ್ಳಿ ಬದಿಗೆ ಹಾಕಿ ಫೋನ್ ಮಾಡಿ.

ಗುಡ್ಡ ಕುಸಿದು ಗಾಡಿ ಮುಚ್ಚಿಹೋದ್ರೆ ಸಿಗತ್ತಾ ಅಂತ 2024ರ ಜುಲೈಯಲ್ಲಿ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದ ಮೇಲೆ ತುಂಬ ಜನ ಕೇಳಿದ್ರು. ಸಿಗತ್ತೆ, ನೆರೆ, ಬಿರುಗಾಳಿ, ಗುಡ್ಡ ಕುಸಿತ ಎಲ್ಲ ಓನ್ ಡ್ಯಾಮೇಜ್ ಭಾಗದಲ್ಲಿ ಇದೆ. ಬರೀ ಥರ್ಡ್ ಪಾರ್ಟಿ ಹಾಕಿಸಿ ದುಡ್ಡು ಉಳಿಸಿದೆ ಅಂದ್ಕೊಂಡೋರಿಗೆ ಒಂದು ರೂಪಾಯಿಯೂ ಇಲ್ಲ, ಲೋನ್ ಕಂತು ಮಾತ್ರ ನಿಲ್ಲೋದಿಲ್ಲ. ಎನ್‌ಎಚ್ 66ರ ಬದಿಯಲ್ಲಿ ಗುಡ್ಡ ಕಡಿದ ಜಾಗಗಳನ್ನ ನೀವೇ ನೋಡ್ತೀರಿ.

ಸೀಸನ್ನಲ್ಲಿ ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆ ವೈಟ್ ಬೋರ್ಡ್ ಕಾರನ್ನ ಬಾಡಿಗೆಗೆ ಬಿಡ್ತಾರೆ, ಲೋನ್ ಕಂತು ಅದರಲ್ಲೇ ಬರ್ಲಿ ಅಂತ. ಪ್ರೈವೇಟ್ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಅಂತ ಸ್ಪಷ್ಟವಾಗಿ ಬರೆದಿರತ್ತೆ. ಒಳಗೆ ಕೂತಿದ್ದೋರ ಸ್ಟೇಟ್‌ಮೆಂಟ್ ತಗೊಂಡಾಗ ಇಷ್ಟು ದುಡ್ಡು ಕೊಟ್ಟಿದ್ದೇವೆ ಅಂತ ಅವ್ರೇ ಹೇಳಿಬಿಡ್ತಾರೆ, ಗೂಗಲ್ ಪೇ ತೋರಿಸ್ತಾರೆ, ನಾನು ರಿಪೋರ್ಟಲ್ಲಿ ಅದನ್ನ ಬರೀಲೇಬೇಕು. ಆ ಕೆಲಸ ಮಾಡ್ಬೇಕು ಅಂತಿದ್ರೆ ಯೆಲ್ಲೋ ಬೋರ್ಡ್ ಮಾಡಿಸಿ, ಅದಕ್ಕೆ ಬೇರೆ ಪಾಲಿಸಿ ಇದೆ.

ನಿಮ್ಮ ಮನೇಲಿ 18 ಆಗದ ತಮ್ಮ ತಂಗಿ ಇದ್ರೆ ಅವ್ರಿಗೆ ಕೀ ಕೊಡಬೇಡಿ. 2019ರ ತಿದ್ದುಪಡಿ ಪ್ರಕಾರ ಅಪ್ಪ ಅಮ್ಮನಿಗೋ ಗಾಡಿ ಮಾಲೀಕನಿಗೋ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಶನ್ 12 ತಿಂಗಳು ರದ್ದು, ಆ ಹುಡುಗನಿಗೆ 25 ಆಗೋವರೆಗೆ ಲೈಸೆನ್ಸ್ ಇಲ್ಲ. ಎದುರಿನೋರಿಗೆ ಪೆಟ್ಟಾದ್ರೆ ಕಂಪನಿ ಪರಿಹಾರ ಕೊಟ್ಟು ಆ ದುಡ್ಡನ್ನ ಮಾಲೀಕನಿಂದ ವಸೂಲಿ ಮಾಡೋ ಹಾಗೆ ಕೋರ್ಟು ಆದೇಶ ಮಾಡತ್ತೆ, ಜೀವ ಹೋದ ಕೇಸಲ್ಲಿ ಅದು ತೋಟ ಮಾರಬೇಕಾಗೋ ಮೊತ್ತ.

ಒಂದು ಹೊಸ ದಾರಿ ಇದೆ, ನಿಮ್ಮಂಥೋರಿಗೆ ಉಪಯೋಗ ಆಗಬಹುದು. 2022ರ ಜುಲೈಯಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಸಂಸ್ಥೆ ಐಆರ್‌ಡಿಎಐ, ಎಷ್ಟು ಕಿಲೋಮೀಟರ್ ಓಡಿಸ್ತೀರಿ, ಹೇಗೆ ಓಡಿಸ್ತೀರಿ ಅನ್ನೋದರ ಮೇಲೆ ಓನ್ ಡ್ಯಾಮೇಜ್ ಪ್ರೀಮಿಯಂ ಇಡೋಕೆ ಕಂಪನಿಗಳಿಗೆ ಅವಕಾಶ ಕೊಟ್ಟಿತು. ಬೆಂಗಳೂರಲ್ಲಿ ಕೆಲಸ, ಕಾರು ಶಿರಸಿ ಮನೇಲಿ, ಹಬ್ಬಕ್ಕೆ ಬಂದಾಗ ಮಾತ್ರ ಓಡಿಸೋದು ಅನ್ನೋರು ಕಿಲೋಮೀಟರ್ ಲೆಕ್ಕದ್ದನ್ನ ಕೇಳಿ ನೋಡಿ. ಕಿಲೋಮೀಟರ್ ಮುಗಿದ ಮೇಲೆ ಎಂತ ಆಗತ್ತೆ ಅಂತ ಮಾತ್ರ ಮೊದ್ಲೇ ಓದ್ಕೊಳ್ಳಿ, ಟಾಪ್ ಅಪ್ ಮಾಡದೇ ಓಡಿಸಿ ಆಮೇಲೆ ಪರದಾಡಬಾರದು.

ಸರಿ, ಫೋನಲ್ಲಿ ಪಾಲಿಸಿ ಪಿಡಿಎಫ್ ಇರೋರು ಈಗಲೇ ತೆಗೀರಿ, ಇಲ್ದೋರು ಡಿಜಿಲಾಕರ್ ನೋಡಿ. ಮಾಲೀಕರ ಹೆಸರು ಯಾರದ್ದು, ಎನ್‌ಸಿಬಿ ಅಂದ್ರೆ ನೋ ಕ್ಲೇಮ್ ಬೋನಸ್ ಎಷ್ಟು ಪರ್ಸೆಂಟ್, ಆಡ್ ಆನ್ (ಮೇಲಿಂದ ಸೇರಿಸಿದ ಕವರು) ಅಂತ ಕೆಳಗೆ ಎಂತ ಎಂತ ಬರೆದಿದೆ, ಪಿಎ ಅಂದ್ರೆ ಪರ್ಸನಲ್ ಆಕ್ಸಿಡೆಂಟ್ ಕವರ್ ಯಾರಿಗೆ, ಇಷ್ಟು ನೋಡಿ. ಅರ್ಥ ಆಗದ್ದು ಇದ್ರೆ ಇಲ್ಲೇ ಮುಂದೆ ಬನ್ನಿ, ಒಬ್ಬೊಬ್ಬರದ್ದೇ ನೋಡೋಣ, ನನ್ನ ಬಸ್ಸಿಗೆ ಇನ್ನೂ ಟೈಮ್ ಇದೆ.