ಅಂಡಮಾನಿಗೆ ಹೊರಟ ಮನೆ ಸಾಮಾನು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಸಾಹಿತಿಯಲ್ಲ, ಅಧಿಕಾರಿಯೂ ಅಲ್ಲ. ಕಾರವಾರದಲ್ಲಿ 31 ವರ್ಷ ಲಾರಿ ಬುಕಿಂಗ್ ಆಫೀಸು ನಡೆಸಿದವನು. ಜನರ ಮನೆ ಸಾಮಾನು ಕಟ್ಟಿಸಿ, ಲಾರಿಗೆ ಏರಿಸಿ, ಊರಿಂದ ಊರಿಗೆ ಕಳಿಸುವುದೇ ನನ್ನ ಕಸುಬು. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಹೋಗಿ ಪೇಪರ್ ಓದಿ, ಹುಡುಗರಿಗೆ ನಾಲ್ಕು ಮಾತು ಬೈದು ಮನೆಗೆ ಬರುತ್ತೇನೆ.

ನಮ್ಮೂರಲ್ಲಿ ನೌಕಾನೆಲೆ ಇದೆ. ಅಂಡಮಾನಿನಲ್ಲಿ 2001ರಿಂದ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಿ ಒಂದೇ ಕಮಾಂಡ್ ಇದೆ. ಹಾಗಾಗಿ ಅಲ್ಲಿಗೆ ವರ್ಗವಾಗಿ ಹೋಗುವವರು, ಅಲ್ಲಿಂದ ವಾಪಸ್ ಬರುವವರು ನನ್ನ ಆಫೀಸಿನ ಬಾಗಿಲು ತಟ್ಟುತ್ತಲೇ ಇದ್ದರು. ಬ್ಯಾಂಕಿನವರು, ಅಂಚೆಯವರು, ಕೇಂದ್ರೀಯ ವಿದ್ಯಾಲಯದ ಮೇಷ್ಟ್ರುಗಳೂ ಬರುತ್ತಿದ್ದರು. ಇವತ್ತು ನಾನು ಮಾತಾಡುವುದು ಅಂಥ ಮನೆಯ ಅಕ್ಕಂದಿರ ಹತ್ತಿರ. ಆರ್ಡರ್ ಬಂದಿದೆ. ಯಜಮಾನರು ಮ್ಯಾಪ್ ನೋಡುತ್ತಿದ್ದಾರೆ. ನೀವು ಅಟ್ಟ ನೋಡುತ್ತಿದ್ದೀರಿ. ಅಲ್ವಾ?

ನನ್ನದು ಒಂದೇ ಮಾತು. ಕಾಗದ ಕೈಯಲ್ಲಿರಲಿ. ಸಾಮಾನಿನ ಜೊತೆ ಕಟ್ಟಬೇಡಿ. ಇಷ್ಟು ಹೇಳಿ ಎದ್ದು ಹೋದರೂ ನಡೆದೀತು. ಆದರೆ ಇನ್ನೂ ಸಮಯ ಕೊಟ್ಟಿದ್ದಾರೆ, ಹೇಳುತ್ತೇನೆ.

ಕಾರವಾರದಿಂದ ಪುಣೆಗೆ ಸಾಮಾನು ಕಳಿಸುವುದು ದೊಡ್ಡ ವಿಷಯವಲ್ಲ. ಇಲ್ಲಿ ಏರಿಸಿದ್ದನ್ನು ಅಲ್ಲಿ ಇಳಿಸಿದರೆ ಮುಗಿಯಿತು. ಡ್ರೈವರಿಗೆ ಒಂದು ಫೋನ್ ಮಾಡಿದರೆ ದಾರಿಯಲ್ಲಿ ನಿಲ್ಲುತ್ತಾನೆ. ಅಂಡಮಾನಿನ ಕಥೆ ಬೇರೆ. ಇಲ್ಲಿಂದ ಲಾರಿಯಲ್ಲಿ ಚೆನ್ನೈಗೆ. ಅಲ್ಲಿ ಏಜೆಂಟರ ಗೋಡೌನಿನಲ್ಲಿ ಇಳಿಸಿ, ಕಂಟೈನರಿಗೆ ತುಂಬಿ, ಸೀಲು ಹಾಕುತ್ತಾರೆ. ಕಂಟೈನರು ಬಂದರಿಗೆ, ಬಂದರಿನಿಂದ ಹಡಗಿಗೆ. ಸಮುದ್ರದ ಮೇಲೆ ಸುಮಾರು 1,200 ಕಿಲೋಮೀಟರ್. ಪೋರ್ಟ್ ಬ್ಲೇರಿನ ಹ್ಯಾಡೋ ಧಕ್ಕೆಯಲ್ಲಿ ಇಳಿದು, ಮತ್ತೆ ಲಾರಿ ಹತ್ತಿ ನಿಮ್ಮ ಕ್ವಾರ್ಟರ್ಸಿಗೆ. ಅಂದರೆ ನಿಮ್ಮ ಒಂದು ಕುರ್ಚಿಯನ್ನು ಎಷ್ಟು ಜನ ಎತ್ತಿ ಇಳಿಸುತ್ತಾರೆ ಲೆಕ್ಕ ಹಾಕಿ. ಸಾಮಾನು ನಿಂತಲ್ಲೆಲ್ಲ ಯಾರೋ ಒಬ್ಬರು ಯಾವುದೋ ಒಂದು ಕಾಗದ ಕೇಳುತ್ತಾರೆ. ಲಾರಿ ಕಾಯುತ್ತದೆ, ಹಡಗು ಕಾಯುವುದಿಲ್ಲ.

ಅಂದಹಾಗೆ, ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ. 2024ರ ಸೆಪ್ಟೆಂಬರಿನಲ್ಲಿ ಹೆಸರು ಬದಲಾಯಿತು. ಒಂದು ಕಾಗದದಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಗಾಬರಿ ಆಗಬೇಡಿ. ಊರು ಒಂದೇ.

ಈಗ ಗಾಡಿ ವಿಷಯ. ನಿಮ್ಮ ಕಾರು, ಸ್ಕೂಟರು ಕೆಎ ನಂಬರಿನವು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ತೆಗೆದುಕೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅಂಡಮಾನಿನದು ಎಎನ್ 01. ಅದಕ್ಕೆ ಮೊದಲು ಇಲ್ಲಿಯ ಆರ್‌ಟಿಒ ಆಫೀಸಿನಿಂದ ಎನ್‌ಒಸಿ ಬೇಕು. ನಮ್ಮ ಕಡೆಯಿಂದ ಈ ಗಾಡಿಗೆ ತಕರಾರಿಲ್ಲ ಅನ್ನುವ ಚೀಟಿ. ಅರ್ಜಿಗೆ ಫಾರಂ 28 ಅನ್ನುತ್ತಾರೆ. ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ಆ ಫಾರಂ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯಬೇಕು. ಚಿಕ್ಕಂದಿನಲ್ಲಿ ನಾಲ್ಕಾಣೆ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಸಿಂಹ ಮೂಡುತ್ತಿತ್ತಲ್ಲ, ಹಾಗೆಯೇ. ಬಾನೆಟ್ ಎತ್ತಿ, ಕಬ್ಬಿಣದ ಮೇಲೆ ಕೆತ್ತಿದ ನಂಬರಿನ ಧೂಳು ಒರೆಸಿ, ಕಾಗದ ಒತ್ತಿ ಹಿಡಿದು ಮೆಲ್ಲಗೆ ಉಜ್ಜಬೇಕು. ಕೈ ಅಲುಗಿದರೆ ಮೂರು ಎಂಟಾಗುತ್ತದೆ. ಆ ಕೆಲಸ ನನಗೆ ಬಹಳ ಇಷ್ಟ. ನಮ್ಮ ಹುಡುಗರಿಗೆ ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಈ ಎನ್‌ಒಸಿ, ಆರ್‌ಸಿ, ಇನ್ಶೂರೆನ್ಸ್ ಪಾಲಿಸಿ, ಹೊಗೆ ತಪಾಸಣೆ ಚೀಟಿ, ವರ್ಗದ ಆರ್ಡರ್, ಮಕ್ಕಳ ಟಿಸಿ. ಇವೆಲ್ಲ ಒಂದು ಚೀಲದಲ್ಲಿ. ಆ ಚೀಲ ನಿಮ್ಮ ಹೆಗಲ ಮೇಲೆ. ಟ್ರಂಕಿನಲ್ಲಲ್ಲ, ಬೀರುವಿನಲ್ಲಲ್ಲ. ಯಾಕೆ ಅಂತ ಕೇಳಿ.

2009ರ ಮೇ ತಿಂಗಳು. ಒಬ್ಬ ಸಾಹೇಬರು. ಹೆಸರು ಬೇಡ, ಬಹಳ ಒಳ್ಳೆಯ ಮನುಷ್ಯ. ಎಲ್ಲದಕ್ಕೂ ಪಟ್ಟಿ ಮಾಡುವವರು. ಅವರು ಮೊದಲೇ ವಿಮಾನದಲ್ಲಿ ಹೋಗಿ ಕೆಲಸಕ್ಕೆ ಹಾಜರಾಗಿದ್ದರು. ಮನೆಯವರು ಮಗನನ್ನು ಕರೆದುಕೊಂಡು ಶಿರಸಿಯ ತವರುಮನೆಯಲ್ಲಿದ್ದರು. ನಮ್ಮ ಹುಡುಗರು ಸಾಮಾನು ಕಟ್ಟಿ ಚೆನ್ನೈಗೆ ತಂದರು. ಒಟ್ಟು 84 ಕಟ್ಟು, ನಮ್ಮ ಭಾಷೆಯಲ್ಲಿ 84 ನಗ. ಕಾರನ್ನು ನಮ್ಮ ಡ್ರೈವರೇ ಓಡಿಸಿಕೊಂಡು ಬಂದ. ಅವನ ಕೈಯಲ್ಲಿ ಕಾಗದದ ಜೆರಾಕ್ಸ್ ಇತ್ತು. ಬೇರೆ ಒಂದು ಲೋಡಿನ ಕೆಲಸಕ್ಕೆ ನಾನೂ ಹೋಗಿದ್ದೆ. ಹೋಗಿದ್ದು ಪುಣ್ಯವೋ ಪಾಪವೋ ಗೊತ್ತಿಲ್ಲ.

ಗೋಡೌನಿನಲ್ಲಿ ಏಜೆಂಟರು ಕೇಳಿದರು, ಕಾರಿನ ಒರಿಜಿನಲ್ ಎಲ್ಲಿ? ನೋಡದೆ ಕಂಟೈನರ್ ಒಳಗೆ ಬಿಡುವುದಿಲ್ಲ. ಹಡಗಿಗೆ ಕಂಟೈನರ್ ಸಂಜೆ ಆರರೊಳಗೆ ಬಂದರು ಸೇರಬೇಕು. ಆಗ ಗಂಟೆ ಹನ್ನೊಂದು.

ಶಿರಸಿಗೆ ಫೋನ್ ಮಾಡಿದೆ. "ಅಕ್ಕಾ, ಕಾರಿನ ಫೈಲು ಎಲ್ಲಿದೆ?"

"ಅಯ್ಯೋ, ಅವ್ರೇ ಕಟ್ಟಿದ್ದು. ಹಸಿರು ಟ್ರಂಕಲ್ಲಿ ಇಟ್ಟಿರ್ಬೇಕು ಅಣ್ಣಾ."

ಹಸಿರು ಟ್ರಂಕು ಎಲ್ಲಿತ್ತು ಹೇಳಿ? ಮೊದಲು ಏರಿಸಿದ್ದು ಅದನ್ನೇ. ಲಾರಿಯ ಕ್ಯಾಬಿನ್ ಪಕ್ಕ, ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಫ್ರಿಜ್. ಅದರ ಮುಂದೆ ಬೀರು, ಮಂಚ, ಹಾಸಿಗೆ. ಚೆನ್ನೈನ ಮೇ ಬಿಸಿಲು. ಹಮಾಲರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಎಲ್ಲ ಇಳಿಸಿದೆವು. ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಸಾಹೇಬರ ಸಂಸಾರವನ್ನೇ ಹರಡಿದೆವು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹುಡುಗನ ಮೂರು ಗಾಲಿ ಸೈಕಲ್ಲು, ದೇವರ ಮಂಟಪ. ಹೋಗುವವರೆಲ್ಲ ನಿಂತು ನೋಡಿದರು. ಒಬ್ಬರು ಬಂದು ಮಂಚಕ್ಕೆ ರೇಟು ಕೇಳಿದರು.

ಟ್ರಂಕಿನ ಬೀಗ ಒಡೆದೆವು. ಉಲ್ಲನ್ ಸ್ವೆಟರು. ಅಂಡಮಾನಿಗೆ! ಫೈಲಿಲ್ಲ. ಬೀರು ತೆಗೆದೆವು, ಇಲ್ಲ. ಸಾಹೇಬರಿಗೆ ಫೋನ್ ಮಾಡಿದರೆ ಲೈನ್ ಸಿಗುವುದಿಲ್ಲ. ಈಗ ಚೆನ್ನೈಯಿಂದ ಸಮುದ್ರದಡಿಯಲ್ಲಿ ಕೇಬಲ್ ಹೋಗಿದೆ, ಅದು ಬಂದಿದ್ದು 2020ರಲ್ಲಿ. ಆಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾಲ್ಕೂಮುಕ್ಕಾಲಿಗೆ ಸಿಕ್ಕರು. ಎಷ್ಟು ಸಮಾಧಾನವಾಗಿ ಹೇಳಿದರು ಗೊತ್ತಾ?

"ಕುಕ್ಕರಿನಲ್ಲಿದೆ."

"ಎಲ್ಲಿ ಸಾರ್?"

"ದೊಡ್ಡ ಕುಕ್ಕರಿನಲ್ಲಿ. ಕಂಟೈನರಿಗೆ ನೀರು ನುಗ್ಗಿದರೆ ಅಂತ. ಗ್ಯಾಸ್ಕೆಟ್ ಇರುತ್ತಲ್ಲ, ಒಂದು ಹನಿ ಒಳಗೆ ಹೋಗಲ್ಲ."

ಯೋಚನೆಯಲ್ಲಿ ತಪ್ಪು ಹುಡುಕಿ ನೋಡೋಣ! ಅಷ್ಟು ಬುದ್ಧಿವಂತರು. ಕುಕ್ಕರ್ ತೆಗೆದೆವು. ಫೈಲು ಬೆಚ್ಚಗೆ ಕೂತಿತ್ತು. ನೀರೇನೋ ಹೋಗಿರಲಿಲ್ಲ. ಗ್ಯಾಸ್ಕೆಟ್ಟಿನ ಎಣ್ಣೆ ಹತ್ತಿ ಎನ್‌ಒಸಿಯ ಒಂದು ಮೂಲೆ ಗಾಜಿನ ಹಾಗೆ ಆಚೆ ಕಾಣುತ್ತಿತ್ತು. ಸಾರಿನ ವಾಸನೆ ಬೇರೆ. ನಾನೇ ತೆಗೆದಿದ್ದ ಪೆನ್ಸಿಲ್ ಅಚ್ಚು ಮಾತ್ರ ಒಂದು ಅಂಕಿಯೂ ಕೆಟ್ಟಿರಲಿಲ್ಲ. ಆದರೆ ಗಂಟೆ ಐದೂವರೆ, ರಸ್ತೆ ಮೇಲೆ 84 ನಗ. ಹಡಗು ಹೋಯಿತು.

ಮುಂದಿನದು 11 ದಿನದ ಮೇಲೆ. ಗೋಡೌನ್ ಬಾಡಿಗೆ, ಹಮಾಲಿ ಎರಡು ಸಲ, ಅದರಲ್ಲಿ ಅರ್ಧ ನಾನೇ ಕೊಟ್ಟೆ. ಕಟ್ಟುವಾಗ ಕಾಗದ ಎಲ್ಲಿ ಅಂತ ಕೇಳದೇ ಇದ್ದದ್ದು ನಮ್ಮ ತಪ್ಪೂ ಹೌದಲ್ಲ. ಅಕ್ಕ, ಮಗ ಅಲ್ಲಿಗೆ ಹೋಗಿ ಎರಡು ಚಾಪೆ, ಒಂದು ಸ್ಟೌ ಇಟ್ಟುಕೊಂಡು ಸಂಸಾರ ಮಾಡಿದರು. ಹುಡುಗನ ಟಿಸಿ ಕೂಡ ಅದೇ ಕುಕ್ಕರಿನಲ್ಲಿತ್ತು. ಅದನ್ನು ನಾನು ರಿಜಿಸ್ಟರ್ ಪೋಸ್ಟ್ ಮಾಡಬೇಕಾಯಿತು.

ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಸಾಮಾನು ಕಟ್ಟುವ ಮೊದಲು ಕೇಳುವ ಪ್ರಶ್ನೆ ಒಂದೇ. ಕಾಗದದ ಚೀಲ ತೋರಿಸಿ. ಚೀಲ ತೋರಿಸುವವರೆಗೆ ಹಗ್ಗ ಬಿಚ್ಚುವುದಿಲ್ಲ. ಫೋನಿನಲ್ಲಿ ಫೋಟೋ ಇದೆ ಅಂತ ಈಗಿನ ಮಕ್ಕಳು ಹೇಳುತ್ತಾರೆ. ಇರಲಿ. ಅದರ ಜೊತೆಗೆ ಕಾಗದವೂ ಇರಲಿ.

ಸ್ಟುಡಿಯೋದ ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಮೂರು ನಿಮಿಷವಂತೆ. ಬರೆದುಕೊಂಡು ಬಂದದ್ದು ಎರಡು ಪುಟ ಉಳಿದಿದೆ. ಬೇಗ ಬೇಗ ಹೇಳಿಬಿಡುತ್ತೇನೆ.

ತೂಕ. ಕೇಂದ್ರ ಸರ್ಕಾರದ ನೌಕರಿಯಲ್ಲಿ ವೇತನ ಶ್ರೇಣಿ 6ರಿಂದ ಮೇಲಿನವರಿಗೆ 6,000 ಕಿಲೋವರೆಗೆ ಸಾಮಾನಿನ ಖರ್ಚು ಸಿಗುತ್ತದೆ, ಜೊತೆಗೆ ಒಂದು ಕಾರು ಇಲ್ಲವೇ ಒಂದು ಬೈಕು. ಕೊಡುತ್ತಾರೆ ಅಂತ 6,000 ಕಿಲೋ ತುಂಬಿಸಲೇಬೇಕು ಅಂತ ಇಲ್ಲ ಅಕ್ಕಾ. ರುಬ್ಬುವ ಕಲ್ಲು ಒಯ್ದವರಿದ್ದಾರೆ. ಮೂರು ವರ್ಷಕ್ಕೆ ಅದೇ ಕಲ್ಲು ವಾಪಸ್ ಬಂತು, ನಮ್ಮ ಲಾರಿಯಲ್ಲೇ. ಬೇರೆ ಊರಿಗೆ ವರ್ಗವಾದರೆ ಸಾಗಣೆ ಭತ್ಯೆ ಮೂಲ ವೇತನದ ಶೇಕಡಾ 80. ಅಂಡಮಾನಿಗೆ ಹೋಗಲು ಬರಲು ಪೂರ್ತಿ 100. ಅದನ್ನು ಕೇಳಿ ಪಡೆಯಿರಿ. ಅದಕ್ಕೂ ರಸೀದಿ, ಆರ್ಡರ್ ಎಲ್ಲ ಕೈಯಲ್ಲಿರಲಿ.

ಗ್ಯಾಸ್. ತುಂಬಿದ ಸಿಲಿಂಡರ್ ಹಡಗಿಗೆ ಬೇಡ. ಇಲ್ಲಿಯ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ, ಠೇವಣಿ ವಾಪಸ್ ತೆಗೆದುಕೊಂಡು, ಟರ್ಮಿನೇಷನ್ ವೋಚರ್ ಬರೆಸಿಕೊಳ್ಳಿ. ಆ ಚೀಟಿ ತೋರಿಸಿದರೆ ಅಲ್ಲಿ ಹೊಸ ಕನೆಕ್ಷನ್. ಚೀಟಿ ಎಲ್ಲಿಡಬೇಕು ಅಂತ ಇನ್ನೊಮ್ಮೆ ಹೇಳಬೇಕಾ?

ಕಾರು, ಸ್ಕೂಟರಿನ ಟ್ಯಾಂಕಿನಲ್ಲಿ ಪೆಟ್ರೋಲು ತಳದಲ್ಲಿ ಒಂದಿಷ್ಟೇ ಇರಲಿ. ಬ್ಯಾಟರಿ ವೈರು ಬಿಚ್ಚಿಸಿ. ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದ್ದರೆ, ಅಲ್ಲಿ ಹೊಸ ನಂಬರ್ ಬಂದ ಮೇಲೆ ಉಳಿದ ವರ್ಷಗಳ ಪಾಲನ್ನು ಇಲ್ಲಿ ವಾಪಸ್ ಕೇಳಬಹುದು. ಸುಮ್ನೆ ಬಿಡಬೇಡಿ. ಹೊಸ ಗಾಡಿ ಕೊಳ್ಳುವವರು, ಪದೇ ಪದೇ ವರ್ಗವಾಗುವ ನೌಕರಿಯಲ್ಲಿದ್ದರೆ, 2021ರಲ್ಲಿ ಬಂದ ಬಿಎಚ್ ನಂಬರ್ ಕೇಳಿ. ರಾಜ್ಯ ಬದಲಾದರೂ ನಂಬರ್ ಅದೇ.

ಮಳೆ. ಕೇರಳಕ್ಕೆ ಮುಂಗಾರು ಜೂನ್ ಮೊದಲಿಗೆ ಬಂದರೆ, ಅಂಡಮಾನಿಗೆ ಮೇ ತಿಂಗಳಲ್ಲೇ ಬಂದಿರುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಸಾಮಾನು ಕಳಿಸಲು ನೋಡಿ. ನಾವು ಕರಾವಳಿಯವರು, ಉಪ್ಪು ಗಾಳಿ ಗೊತ್ತು ಅಂದುಕೊಳ್ಳುತ್ತೇವೆ. ಅಲ್ಲಿ ಎಲ್ಲ ದಿಕ್ಕಿನಿಂದಲೂ ಸಮುದ್ರ. ಚರ್ಮದ ಬೂಟಿಗೆ ಬೂಸ್ಟು ಬರುತ್ತದೆ, ಕಬ್ಬಿಣದ ಬೀರುವಿನ ಕಾಲಿಗೆ ತುಕ್ಕು. ಕಟ್ಟುವ ಮೊದಲು ಕಾಲಿಗೆ ಗ್ರೀಸ್ ಹಚ್ಚಿ.

ಪೋರ್ಟ್ ಬ್ಲೇರಿಗೇ ಮುಗಿಯುತ್ತದೆ ಅಂದುಕೊಳ್ಳಬೇಡಿ. ಮಾಯಾಬಂದರ್, ಡಿಗ್ಲಿಪುರಕ್ಕೆ ಹಾಕಿದ್ದರೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್ ಆಸುಪಾಸು ದಾರಿ ಇದೆ. ಜಾರವಾ ಅನ್ನುವ ಬುಡಕಟ್ಟು ಜನರ ಕಾಡಿನ ನಡುವೆ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಗುಂಪಾಗಿ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಆಮೇಲೆ ಲಾರಿಯನ್ನೇ ದೋಣಿ ಮೇಲೆ ಏರಿಸಿ ದಾಟಿಸುತ್ತಾರೆ. ಕಾರ್ ನಿಕೋಬಾರ್, ಕ್ಯಾಂಪ್‌ಬೆಲ್ ಬೇ ಆದರೆ ಮತ್ತೊಂದು ಹಡಗು. ಕಾರ್ ನಿಕೋಬಾರಿಗೆ ಕಾಲಿಡಲು ಪಾಸ್ ಬೇಕು. ಅಂದರೆ ಇನ್ನೂ ಒಂದು ಕಾಗದ.

ಆಯಿತು, ಆಯಿತು, ಕೈ ಎತ್ತಿದರು. ಫ್ರಿಜ್ ಒಂದು ಹೇಳಿಬಿಡುತ್ತೇನೆ. ಹೊರಡುವ ಹಿಂದಿನ ದಿನವೇ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ. ಕಟ್ಟುವಾಗ ಬಾಗಿಲ ಸಂದಿಗೆ ಒಂದು ಬಟ್ಟೆ ಮಡಿಸಿ ಸಿಕ್ಕಿಸಿ, ಪೂರ್ತಿ ಮುಚ್ಚದಿರಲಿ. ಇಲ್ಲದಿದ್ದರೆ ಅಲ್ಲಿ ತೆಗೆದಾಗ ಬರುವ ವಾಸನೆ ಮೂರು ತಿಂಗಳಾದರೂ ಹೋಗುವುದಿಲ್ಲ. ಹ್ಞಾ, ಒಳಗೆ ಫೈಲು ಇಲ್ಲ ತಾನೆ ನೋಡಿಕೊಳ್ಳಿ.

ನಮಸ್ಕಾರ.